ಮದ್ದು ಜಡಿಯುವ ರೈಫಲ್‌ಗೆ ನಳಿಗೆ ಮತ್ತು ಸೈಟ್: ಅರ ಹಿಡಿಯುವ ಮುಂಚಿನ ಏಳು ಹಂತಗಳು, ಹಿಡಿದ ಮೇಲಿನ ಒಂದು

ದೂರು ಹೆಚ್ಚುಕಡಿಮೆ ಯಾವಾಗಲೂ ಒಂದೇ. ಅಂದವಾದ ನಳಿಗೆ ತಂದು ಕೂರಿಸಿದ್ದಾಯಿತು, ಗುಂಡು ನಾಲ್ಕು ಇಂಚು ಕೆಳಗೆ ಬಿತ್ತು, ಮುಂದಿನ ಸೈಟನ್ನು (ಗುರಿ ಹಿಡಿಯಲು ನಳಿಗೆಯ ಮೇಲೆ ಕೂರಿಸುವ ತುಂಡು) ಅರದಲ್ಲಿ ಉಜ್ಜಿದ್ದಾಯಿತು. ಆಮೇಲೆ ಗುಂಡುಗಳು ಚೆದುರುತ್ತಿವೆ ಎಂದು ಪ್ಯಾಚ್ (ಗುಂಡಿಗೆ ಸುತ್ತುವ ಬಟ್ಟೆ) ಬದಲಿಸಿ ಮದ್ದು ಏರಿಸಿದರೆ ಗುಂಡು ಗುರಿಯ ಮೇಲೆ ಹಾರುತ್ತದೆ. ಉಜ್ಜಿದ ಲೋಹ ವಾಪಸು ಬರುವುದಿಲ್ಲ, ಹೊಸ ಸೈಟ್ ಬೇಕು. ಇಲ್ಲಿ ಕೈಚಳಕದ ಕೊರತೆಯೇನೂ ಇಲ್ಲ, ಕೆಲಸದ ಕ್ರಮ ತಲೆಕೆಳಗಾಗಿದೆ ಅಷ್ಟೆ. ಮೊದಲು ಗುಂಡು, ಅದಕ್ಕೆ ತಕ್ಕ ನಳಿಗೆ, ಕಣ್ಣಿಗೆ ತಕ್ಕ ಸೈಟ್, ನಂತರ ಲೋಡ್, ಅಂದರೆ ಮದ್ದು, ಪ್ಯಾಚುಗಳ ಹೊಂದಾಣಿಕೆ. ಸೈಟಿನ ಎತ್ತರಕ್ಕೆ ಅರ ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಹೇಳುವುದು ಅಮೆರಿಕದ ಲಾಂಗ್ ರೈಫಲ್ ಮತ್ತು ಹಾಕನ್ ಮಾದರಿಯ, ಒಳಗೆ ರೈಫ್ಲಿಂಗ್ (ಸುರುಳಿ ತೋಡುಗಳು) ಇರುವ ಕೋವಿಗಳ ಬಗ್ಗೆ. ಅಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಬಿದ್ದವರಿಗೆ ಹೆಚ್ಚು ಉಪಯೋಗ. ನಮ್ಮ ಮಲೆನಾಡಿನ ಕೇಪಿನ ಕೋವಿಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪು, ಹಾಗಾಗಿ ಟ್ವಿಸ್ಟಿನ (ತೋಡಿನ ಸುತ್ತಿನ) ಮಾತು ಅವಕ್ಕೆ ಹೊಂದದು. ಭಾರತದಲ್ಲಿ ಪರವಾನಗಿ ಇಲ್ಲದೆ ಇಂಥ ಕೋವಿಯ ನಳಿಗೆ ಬದಲಿಸುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಊರಿನ ಕೋವಿಯ ಮೇಲೆ ಇದನ್ನು ಪ್ರಯೋಗಿಸಬೇಡಿ.

ಕೈಯಲ್ಲಿರಬೇಕಾದ ಸಾಮಾನು

ಇಂಚಿನ ಸಾವಿರದ ಒಂದು ಭಾಗ ತೋರಿಸುವ ಕ್ಯಾಲಿಪರ್, ಹಿಡಿ ತನ್ನಷ್ಟಕ್ಕೆ ತಿರುಗುವ ಶುಚಿ ಮಾಡುವ ಕೋಲು, ಬಿಗಿಯಾದ ಜಾಗ್ (ಕೋಲಿನ ತುದಿಗೆ ಹಾಕುವ, ಪ್ಯಾಚ್ ಹಿಡಿಯುವ ತುಂಡು), ಹತ್ತಿ ಪ್ಯಾಚ್, ನಳಿಗೆಯೊಳಗೆ ಬಿಡುವ ಸಣ್ಣ ದೀಪ, ಉಕ್ಕಿನ ನೇರಪಟ್ಟಿ. ಸೈಟ್ ಕೆಲಸಕ್ಕೆ ಹಿತ್ತಾಳೆಯ ಪಂಚ್, ಚಿಕ್ಕ ಸುತ್ತಿಗೆ, ನುಣುಪು ಹಲ್ಲಿನ ಚಪ್ಪಟೆ ಅರ, ತ್ರಿಕೋನ ಅರ. ತ್ರಿಕೋನ ಅರದ ಒಂದು ಮೈಯ ಹಲ್ಲನ್ನು ಸಾಣೆಯಲ್ಲಿ ಉಜ್ಜಿ ತೆಗೆದಿರಬೇಕು. ಯಾಕೆಂಬುದು ಆರನೇ ಹಂತದಲ್ಲಿ.

ಹಂತ 1: ಗುಂಡು ಯಾವುದೆಂದು ತೀರ್ಮಾನಿಸಿ

ಬಟ್ಟೆಯ ಪ್ಯಾಚಿನಲ್ಲಿ ಸುತ್ತಿದ ದುಂಡು ಸೀಸದ ಗುಂಡೋ, ಉದ್ದನೆಯ ಕೋನಾಕಾರದ ಗುಂಡೋ? ಈ ಒಂದು ಉತ್ತರ ಸಿಗದೆ ನಳಿಗೆಯ ಅಂಗಡಿಗೆ ಹೋಗಬೇಡಿ. ಎರಡಕ್ಕೂ ಒಂದೇ ನಳಿಗೆ ಸಾಕು ಅನ್ನುವವರಿಗೆ ಸಿಗುವುದು ಎರಡಕ್ಕೂ ಅರ್ಧಂಬರ್ಧ ಹೊಂದುವ ನಳಿಗೆ.

ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ತೂತಿನ ಅಡ್ಡಳತೆ) ಕೆಲಸಕ್ಕೆ ತಕ್ಕಂತೆ. ಅಳಿಲಿನಂಥ ಸಣ್ಣ ಬೇಟೆಗೆ .32, .36, ಗುರಿ ಅಭ್ಯಾಸಕ್ಕೆ.40, .45, ಜಿಂಕೆಗೂ ಗುರಿಗೂ ಒಂದೇ ರೈಫಲ್ ಎಂದರೆ.50, ದೊಡ್ಡ ಪ್ರಾಣಿಗೆ.54. ಬೇಟೆಗೆ ಹೋಗುವವರು ರಾಜ್ಯದ ನಿಯಮವನ್ನು ಮೊದಲು ನೋಡಬೇಕು. ಕೊಲೊರಾಡೊದಲ್ಲಿ ಜಿಂಕೆಗೆ ಕನಿಷ್ಠ .40, ಎಲ್ಕ್ ಎಂಬ ದೊಡ್ಡ ಜಿಂಕೆಗೆ .50 ಎಂಬ ನಿಯಮವಿದೆ. ಪೆನ್ಸಿಲ್ವೇನಿಯಾದ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕೋವಿ) ಬೇಟೆ ಋತುವಿಗೆ ಕನಿಷ್ಠ.44. ಯಾವ ಸೈಟಿಗೆ ಅವಕಾಶ ಎಂಬುದೂ ಅದೇ ನಿಯಮಪುಸ್ತಕದಲ್ಲಿರುತ್ತದೆ. ಆಯಾ ವರ್ಷದ ಪ್ರತಿಯನ್ನೇ ಓದಿ.

ಗುರಿ ಅಭ್ಯಾಸಕ್ಕಷ್ಟೇ ಎಂದು ಹೊರಟು .54 ಕೊಳ್ಳುವುದು ಸಾಮಾನ್ಯ ತಪ್ಪು. ಶುದ್ಧ ಸೀಸದ .440 ಗುಂಡು ಸುಮಾರು 128 ಗ್ರೇನ್ (8.3 ಗ್ರಾಂ), .490 ಗುಂಡು 177, .530 ಗುಂಡು 224. ಒಂದು ಕೆಜಿ ಸೀಸಕ್ಕೆ ಮೊದಲನೆಯದು 120 ಬಂದರೆ ಕೊನೆಯದು 69 ಮಾತ್ರ. ಮದ್ದಿನ ಖರ್ಚೂ ಭುಜದ ನೋವೂ ಅದೇ ಲೆಕ್ಕದಲ್ಲಿ ಏರುತ್ತವೆ.

ಹಂತ 2: ಟ್ವಿಸ್ಟ್ ಮತ್ತು ತೋಡಿನ ಆಳ

ರೈಫ್ಲಿಂಗಿನ ತೋಡು ಒಂದು ಪೂರ್ತಿ ಸುತ್ತು ತಿರುಗಲು ಎಷ್ಟು ಇಂಚು ತೆಗೆದುಕೊಳ್ಳುತ್ತದೆ ಎಂಬುದೇ ಟ್ವಿಸ್ಟ್. ದುಂಡು ಗುಂಡಿಗೆ ನಿಧಾನ ಸುತ್ತು ಸಾಕು: .32ರಿಂದ .40ರವರೆಗೆ 48 ಇಂಚಿಗೆ ಒಂದು ಸುತ್ತು, .45ಕ್ಕೆ 56ರಿಂದ 60, .50ಕ್ಕೆ 60ರಿಂದ 70, .54ಕ್ಕೆ 66ರಿಂದ 72. ಉದ್ದ ಗುಂಡು ಗಾಳಿಯಲ್ಲಿ ಓಲಾಡದಿರಲು ಬೇಗನೆ ತಿರುಗಬೇಕು, ಅದಕ್ಕೆ 28ರಿಂದ 32 ಇಂಚಿನ ಟ್ವಿಸ್ಟ್.

ಟ್ವಿಸ್ಟನ್ನು ಮಾತ್ರ ನೋಡಿ ತೋಡಿನ ಆಳ ಕೇಳದವರೇ ಹೆಚ್ಚು. ದುಂಡು ಗುಂಡು ರೈಫ್ಲಿಂಗನ್ನು ನೇರವಾಗಿ ಮುಟ್ಟುವುದಿಲ್ಲ, ನಡುವೆ ಬಟ್ಟೆಯಿದೆ. ಆ ಬಟ್ಟೆ ಕಚ್ಚಿಕೊಂಡು ಗುಂಡನ್ನು ತಿರುಗಿಸಲು 0.010ರಿಂದ 0.016 ಇಂಚು ಆಳದ ತೋಡು ಬೇಕು. ತೋಡು ಆಳವಿಲ್ಲದೆ ಟ್ವಿಸ್ಟ್ ಚುರುಕಾಗಿದ್ದು, ಮದ್ದೂ ಹೆಚ್ಚು ಹಾಕಿದರೆ, ಪ್ಯಾಚ್ ತೋಡಿನ ಹಿಡಿತ ತಪ್ಪಿ ಜಾರುತ್ತದೆ. ಆಗ 40 ಗ್ರೇನ್ ಮದ್ದಿಗೆ ಒತ್ತಾಗಿ ಬೀಳುತ್ತಿದ್ದ ಗುಂಡುಗಳು 80 ಗ್ರೇನಿಗೆ ಹಾಳೆ ತುಂಬ ಹರಡುತ್ತವೆ. ಇದು ಕಂಡರೆ ಸೈಟಿನ ತಂಟೆಗೆ ಹೋಗಬೇಡಿ. ಉದ್ದ ಗುಂಡಿಗೆ ತೋಡು 0.004ರಿಂದ 0.006 ಇಂಚು ಇದ್ದರೆ ಸಾಕು, ಸೀಸವೇ ಅದರೊಳಗೆ ಕೂರುತ್ತದೆ.

ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಥಾಂಪ್ಸನ್/ಸೆಂಟರ್ ಹಾಕನ್ ರೈಫಲಿನ ಟ್ವಿಸ್ಟ್ 48 ಇಂಚು, ತೋಡು ಕಡಿಮೆ ಆಳ. ಎರಡೂ ಬಗೆಯ ಗುಂಡಿಗೆ ಆಗಲಿ ಎಂಬ ರಾಜಿ ಅದು. ಬಿಗಿ ಪ್ಯಾಚ್, ಮಿತ ಮದ್ದು ಕೊಟ್ಟರೆ ದುಂಡು ಗುಂಡನ್ನೂ ಚೆನ್ನಾಗಿಯೇ ಹಾರಿಸುತ್ತದೆ. ಲೈಮನ್ ಗ್ರೇಟ್ ಪ್ಲೇನ್ಸ್ ರೈಫಲಿನದು 60 ಇಂಚು, ದುಂಡು ಗುಂಡಿಗೆಂದೇ ಮಾಡಿದ್ದು. ಅದರ ‘ಹಂಟರ್’ ರೂಪದ್ದು 32 ಇಂಚು. ನೋಡಲು ಎರಡೂ ಒಂದೇ ಥರ, ಹಾಗಾಗಿ ಹೆಸರನ್ನಲ್ಲ, ನಳಿಗೆಯನ್ನೇ ಅಳೆಯಿರಿ.

ಅಳೆಯುವುದು ಸುಲಭ. ಬಿಗಿ ಪ್ಯಾಚ್ ಸುತ್ತಿದ ಜಾಗನ್ನು ತಳದವರೆಗೆ ಇಳಿಸಿ, ಕೋಲಿನ ಮೇಲೆ ನಳಿಗೆಯ ಬಾಯಿಯ ಮಟ್ಟಕ್ಕೆ ಒಂದು ಗುರುತು, ಕೋಲಿನ ನೆತ್ತಿಗೆ ಇನ್ನೊಂದು ಗುರುತು ಹಾಕಿ. ನಿಧಾನ ಹೊರಗೆಳೆಯಿರಿ. ನೆತ್ತಿಯ ಗುರುತು ಕಾಲು ಸುತ್ತು ತಿರುಗಿದಾಗ ಕೋಲು ಎಷ್ಟು ಇಂಚು ಹೊರಬಂತೋ ಅದರ ನಾಲ್ಕರಷ್ಟು ಟ್ವಿಸ್ಟ್. 12 ಇಂಚು ಬಂದರೆ 48, 16.5 ಬಂದರೆ 66. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಪ್ಯಾಚ್ ಸಡಿಲವಿದ್ದರೆ ಜಾರಿ ಸುಳ್ಳು ಲೆಕ್ಕ ಕೊಡುತ್ತದೆ.

ಹಂತ 3: ಆಕಾರ, ಉದ್ದ, ತೂಕ

ಕೋವಿಯ ತೂಕದ ಬಹುಪಾಲು ನಳಿಗೆಯದು, ಅದೂ ಮುಂಗೈಯ ಆಚೆ. ತುದಿಯಿಂದ ತುದಿಗೆ ಒಂದೇ ದಪ್ಪದ, ಎಂಟು ಮೂಲೆಯ, 42 ಇಂಚು ಉದ್ದದ .50 ನಳಿಗೆಯ ಲೆಕ್ಕ ಹೀಗೆ:

- ಎದುರುಬದುರು ಮೈಗಳ ನಡುವೆ 13/16 ಇಂಚು: ಸುಮಾರು 1.9 ಕೆಜಿ
- 15/16 ಇಂಚು: ಸುಮಾರು 2.9 ಕೆಜಿ
- 1 ಇಂಚು: ಸುಮಾರು 3.4 ಕೆಜಿ

ಸ್ಟಾಕ್ (ಮರದ ಭಾಗ), ಲಾಕ್ (ಕಿಡಿ ಹೊತ್ತಿಸುವ ಯಂತ್ರ), ಹಿತ್ತಾಳೆ ಸೇರಿ ಇನ್ನೊಂದು ಒಂದೂವರೆ ಕೆಜಿ ಬರುತ್ತದೆ. ಕ್ಯಾಲಿಬರ್ ಏರಿದರೆ ಕೋವಿ ಭಾರವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೊರಮೈ ಅದೇ ಇದ್ದು ತೂತು ದೊಡ್ಡದಾದರೆ ತೂಕ ಇಳಿಯುತ್ತದೆ: 15/16ರ ಅದೇ ಉದ್ದದಲ್ಲಿ .45 ನಳಿಗೆ ಮೂರು ಕೆಜಿ ಮೀರಿದರೆ .54 ನಳಿಗೆ 2.7 ಕೆಜಿ.

ಸ್ವಾಂಪ್ಡ್ ಎನ್ನುವ ಬಗೆಯಲ್ಲಿ ತಳ ದಪ್ಪ, ನಡು ತೆಳು, ಬಾಯಿ ಮತ್ತೆ ತುಸು ಅಗಲ. ಬೆಲೆ ಹೆಚ್ಚು, ಸ್ಟಾಕ್ ಕೆತ್ತುವ ಕೆಲಸವೂ ಹೆಚ್ಚು. ಆದರೆ ನಿಂತು ಹಾರಿಸುವವರಿಗೆ ಇದಕ್ಕೆ ಸಮ ಬೇರೆ ಇಲ್ಲ, ದುಡ್ಡು ಉಳಿಸುವುದಿದ್ದರೆ ಲಾಕಿನಲ್ಲೂ ಬೇಡ, ಇದರಲ್ಲೂ ಬೇಡ, ಹಿತ್ತಾಳೆಯ ಅಲಂಕಾರದಲ್ಲಿ ಉಳಿಸಿ.

ಉದ್ದ ಹೆಚ್ಚಿದಂತೆ ಗುಂಡಿನ ವೇಗ ಅಷ್ಟೇನೂ ಏರುವುದಿಲ್ಲ. ಲಾಭವಿರುವುದು ಎರಡು ಸೈಟ್‌ಗಳ ನಡುವಿನ ಅಂತರದಲ್ಲಿ. ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಕಡಿಮೆ, ಚಾಳೀಸು ಬಂದ ಕಣ್ಣಿಗೆ ಮುಂದಿನ ಸೈಟ್ ಸ್ಪಷ್ಟ.

ಗೋಡೆಯ ದಪ್ಪವನ್ನು ಮರೆಯಬೇಡಿ. 13/16ರ ಮೈಯಲ್ಲಿ .50 ತೂತು ತೆಗೆದರೆ, ತೋಡಿನ ಆಳ ಕಳೆದು ಉಳಿಯುವುದು 0.144 ಇಂಚು ಮಾತ್ರ. ಸೈಟ್ ಕೂರಿಸುವ ಡವ್‌ಟೇಲ್ (ಓರೆ ಅಂಚಿನ ಕಚ್ಚು) ಕೊರೆಯುವುದು ಅದರಲ್ಲೇ. ತಳ ಮುಚ್ಚುವ ಬ್ರೀಚ್ ಪ್ಲಗ್ಗಿನ ಮರೆಯೂ (ತಿರುಪಿನ ಸುತ್ತು) ಹೀಗೆಯೇ. 5/8 ಇಂಚಿನ ಮರೆಯ ಒಳ ಅಳತೆ ಸುಮಾರು 0.565 ಇಂಚು, .54 ನಳಿಗೆಯ ತೋಡಿನ ಅಡ್ಡಳತೆಯೂ ಬಹುತೇಕ ಅಷ್ಟೇ. ಅಂದರೆ ಪ್ಲಗ್ ಒತ್ತಿ ಕೂರಲು ಅಂಚೇ ಉಳಿಯುವುದಿಲ್ಲ. .54 ಬೇಕಿದ್ದರೆ 3/4 ಇಂಚಿನ ಪ್ಲಗ್ ಹಿಡಿಸುವಷ್ಟು ದಪ್ಪ ತಳವಿರುವ ನಳಿಗೆಯನ್ನೇ ಆರಿಸಿ.

ಹಂತ 4: ನಳಿಗೆ ಕೈಗೆ ಬಂದ ಮೇಲಿನ ಪರೀಕ್ಷೆ

ಹಳೆಯ ಕೋವಿಯಾದರೆ ಮೊದಲು ಅದು ಖಾಲಿಯೇ ಎಂದು ನೋಡಿ. ರಾಮ್‌ರಾಡನ್ನು (ಗುಂಡು ಜಡಿಯುವ ಕೋಲು) ತಳದವರೆಗೆ ಇಳಿಸಿ ಬಾಯಿಯ ಮಟ್ಟಕ್ಕೆ ಹೆಬ್ಬೆರಳು ಹಿಡಿದು, ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ನೋಡಿ. ಕೋಲಿನ ತುದಿ ಕಿವಿತೂತಿನ (ಮದ್ದಿಗೆ ಕಿಡಿ ತಾಗುವ ತೂತು) ಹತ್ತಿರ ಬರದೆ ಒಂದೆರಡು ಇಂಚು ಹಿಂದೆಯೇ ನಿಂತರೆ ಒಳಗೆ ಹಳೆಯ ಮದ್ದು, ಗುಂಡು ಇರಬಹುದು. ಅಲ್ಲಿಗೆ ನಿಲ್ಲಿಸಿ, ಕೋವಿ ಕೆಲಸ ಬಲ್ಲವರಿಗೆ ಒಪ್ಪಿಸಿ.

ಖಾಲಿ ಎಂದು ಖಚಿತವಾದ ಮೇಲೆ ಬಿಗಿ ಪ್ಯಾಚನ್ನು ಒಂದೇ ಒತ್ತಡದಲ್ಲಿ ತಳದವರೆಗೆ ತಳ್ಳಿ. ಕೈಗೆ ಉದ್ದಕ್ಕೂ ಒಂದೇ ತೆರನ ಬಿಗಿ ಸಿಗಬೇಕು. ನಡುವೆ ಎಲ್ಲೋ ಕೋಲು ಸಟ್ಟನೆ ಸಡಿಲವಾಗಿ ಮತ್ತೆ ಬಿಗಿಯಾದರೆ ಅಲ್ಲಿ ನಳಿಗೆ ಉಬ್ಬಿದೆ. ಹಿಂದೆ ಯಾರೋ ಗುಂಡನ್ನು ಮದ್ದಿನ ಮೇಲೆ ಪೂರ್ತಿ ಕೂರಿಸದೆ ಹಾರಿಸಿರುತ್ತಾರೆ. ಹೊರಗಿನ ಚಪ್ಪಟೆ ಮೈ ಮೇಲೆ ನೇರಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ಉಬ್ಬು ಕಾಣುತ್ತದೆ. ಉಬ್ಬಿದ ನಳಿಗೆಗೆ ರಿಪೇರಿ ಇಲ್ಲ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಡಿ.

ಬಾಯಿಯಲ್ಲಿ ಬೋರ್ (ನಳಿಗೆಯ ತೂತು) ಅಳೆಯುವಾಗ ತೋಡುಗಳನ್ನು ಎಣಿಸಿ. ಏಳಿದ್ದರೆ ಒಂದು ಏರಿನ (ತೋಡುಗಳ ನಡುವಿನ ದಿಣ್ಣೆ) ಎದುರಿಗೆ ಇನ್ನೊಂದು ಏರು ಸಿಗುವುದಿಲ್ಲ, ತೋಡೇ ಸಿಗುತ್ತದೆ. ಕ್ಯಾಲಿಪರ್ ದೊಡ್ಡ ಅಂಕಿ ತೋರಿಸಿ ನೀವು ದೊಡ್ಡ ಗುಂಡು ತರುತ್ತೀರಿ. ಅಂಥ ನಳಿಗೆಗೆ ಬೋರಿನೊಳಗೆ ಸರಿಯಾಗಿ ಕೂರುವ ಅಳತೆಕಡ್ಡಿ ಬಳಸುವುದು ಒಳ್ಳೆಯದು.

ತೂತು ಹೊರಮೈಯ ನಟ್ಟನಡುವೆಯೇ ಇರುವುದು ಅಪರೂಪ. ಬಾಯಿಯ ಗೋಡೆಯನ್ನು ಎಂಟೂ ಕಡೆ ಅಳೆದು, ದಪ್ಪ ತೆಳುವಿನ ವ್ಯತ್ಯಾಸ ಮೇಲಕ್ಕೋ ಕೆಳಕ್ಕೋ ಬರುವಂತೆ ಕೂರಿಸಲು ಹೇಳಿ. ಎತ್ತರದ ತಪ್ಪನ್ನು ಮುಂದಿನ ಸೈಟ್ ನುಂಗುತ್ತದೆ. ಅದೇ ತಪ್ಪು ಎಡಬಲಕ್ಕೆ ಬಂದರೆ ಸೈಟ್ ಡವ್‌ಟೇಲಿನಿಂದ ಹೊರಚಾಚಿ ನಿಲ್ಲಬೇಕಾಗುತ್ತದೆ.

ಅಮೆರಿಕದಲ್ಲಿ ನಳಿಗೆಗೆ ಸರ್ಕಾರಿ ಒತ್ತಡ ಪರೀಕ್ಷೆ ಕಡ್ಡಾಯವಿಲ್ಲ. ಇಟಲಿ, ಸ್ಪೇನಿನ ನಳಿಗೆಗಳ ಮೇಲೆ ಅಲ್ಲಿನ ಪರೀಕ್ಷೆಯ ಮುದ್ರೆ ಇರುತ್ತದೆ, ಹುಡುಕಿ ನೋಡಿ. ಬ್ರೀಚ್ ಪ್ಲಗ್ ಬಿಚ್ಚುವುದು, ಕೂರಿಸುವುದು ನುರಿತವರ ಕೆಲಸ. ಪ್ಲಗ್ಗಿನ ಮುಖಕ್ಕೂ ಬೋರಿನ ಅಂಚಿಗೂ ಸಂದು ಉಳಿದರೆ ಅಲ್ಲಿ ಕಿಟ್ಟವೂ ಕೆಂಡದ ಚೂರೂ ಸೇರುತ್ತವೆ, ಮುಂದಿನ ಮದ್ದು ಸುರಿಯುವಾಗ ಅದು ಕೈ ಸುಡಬಹುದು.

ಹಂತ 5: ನಿಮ್ಮ ಕಣ್ಣಿಗೆ ಯಾವ ಸೈಟ್

ಚಿತ್ರಪಟ ನೋಡಿ ಸೈಟ್ ಆರಿಸುವುದು ದೊಡ್ಡ ತಪ್ಪು. ಕೊಂಬಿನಂತೆ ಬಾಗಿದ ಬಕ್‌ಹಾರ್ನ್ ಸೈಟ್ ನೋಡಲು ಚೆಂದ, ಅರ್ಧ ಗುರಿಯನ್ನೇ ಮುಚ್ಚುತ್ತದೆ. ಚೂಪು ವಿ ಸೀಳಿನ ತಳದಲ್ಲಿ ಬ್ಲೇಡ್ (ಮುಂದಿನ ಸೈಟಿನ ನಿಂತ ತಗಡು) ಎಷ್ಟು ಆಳ ಕೂತಿದೆ ಎಂದು ತಿಳಿಯದೆ ಗುಂಡುಗಳು ಮೇಲೆ ಕೆಳಗೆ ಹರಡುತ್ತವೆ. ಚಪ್ಪಟೆ ನೆತ್ತಿಯ ಹಿಂದಿನ ಸೈಟ್, ಚೌಕ ಅಥವಾ ಯು ಆಕಾರದ ಸೀಳು, ಚೌಕ ನೆತ್ತಿಯ ಮುಂದಿನ ಬ್ಲೇಡ್: ಹೆಚ್ಚಿನವರಿಗೆ ಇದೇ ಸರಿ. ಬ್ಲೇಡಿನ ಅಗಲ 0.060ರಿಂದ 0.080 ಇಂಚು ಇರಲಿ. ಸೀಳಿನಲ್ಲಿ ಬ್ಲೇಡಿನ ಎರಡೂ ಪಕ್ಕ ಬೆಳಕಿನ ಗೆರೆ ಕಾಣಬೇಕು. ಕಾಣದಿದ್ದರೆ ಅಗಲಿಸಬೇಕಾದ್ದು ಸೀಳನ್ನು, ಬ್ಲೇಡನ್ನು ತೆಳುಮಾಡಬೇಡಿ.

ಹಿಂದಿನ ಸೈಟ್ ಎಲ್ಲಿ ಕೂರಬೇಕು? ಎಲ್ಲರೂ ಕೂರಿಸಿದಲ್ಲಿ ಅಲ್ಲ. ಖಾಲಿ ಕೋವಿಯ ಮೇಲೆ ಸೈಟನ್ನು ಎರಡೂ ಕಡೆ ಅಂಟಿರುವ ಟೇಪಿನಲ್ಲಿ ಅಂಟಿಸಿ, ನಳಿಗೆಯ ತಳದಿಂದ ಆರು ಇಂಚಿನಲ್ಲಿ ಶುರುಮಾಡಿ ಒಂದೊಂದೇ ಇಂಚು ಮುಂದಕ್ಕೆ ಸರಿಸುತ್ತ ಹೋಗಿ. ರೇಂಜಿನಲ್ಲಿ (ಗುರಿ ಅಭ್ಯಾಸದ ಮೈದಾನ) ಹಾಕಿಕೊಳ್ಳುವ ಕನ್ನಡಕವೇ ಕಣ್ಣಿಗಿರಲಿ, ಜಾಗ ಹೊರಾಂಗಣವಾಗಿರಲಿ. ಸೀಳಿನ ಅಂಚು ಮಸುಕು ಬಿಟ್ಟು ಗೆರೆಯಾಗಿ ಕಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಎಳೆಯ ಕಣ್ಣಿಗೆ ಅದು 6ರಿಂದ 8 ಇಂಚಿನಲ್ಲೇ ಸಿಗುತ್ತದೆ, ಐವತ್ತು ದಾಟಿದವರಿಗೆ 10ರಿಂದ 14 ಇಂಚು ಆಗಬಹುದು. ಸೈಟ್‌ಗಳ ನಡುವಿನ ಅಂತರ ಕಡಿಮೆಯಾದರೂ ಚಿಂತೆಯಿಲ್ಲ, ಮಸುಕಾದ ಸೀಳಿಗಿಂತ ಅದೇ ಮೇಲು.

ತೂತಿನ ಮೂಲಕ ನೋಡುವ ಪೀಪ್ ಸೈಟ್ ವಯಸ್ಸಾದ ಕಣ್ಣಿಗೆ ವರವೇ ಸರಿ. ಆದರೆ ಎಲ್ಲ ಸ್ಪರ್ಧೆಗಳಲ್ಲೂ ಅದಕ್ಕೆ ಅವಕಾಶವಿರುವುದಿಲ್ಲ, ಮೊದಲೇ ವಿಚಾರಿಸಿ.

ಹೊಳೆಯುವ ಬೆಳ್ಳಿ, ಹಿತ್ತಾಳೆಯ ಬ್ಲೇಡಿಗೆ ಎಡದಿಂದ ಬಿಸಿಲು ಬಿದ್ದರೆ ಎಡ ಅಂಚಷ್ಟೇ ಮಿನುಗುತ್ತದೆ. ಕಣ್ಣು ಆ ಮಿನುಗನ್ನೇ ಬ್ಲೇಡೆಂದು ನಂಬಿ ಸೀಳಿನ ನಡುವೆ ತರುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ಕಣ್ಣಿನ ಕಡೆಯ ಮುಖವನ್ನು ದುಂಡಗೆ ಬಿಡದೆ ಚಪ್ಪಟೆ ಮಾಡಿ, ರೇಂಜಿನಲ್ಲಿ ಮಸಿ ಹಚ್ಚಿಕೊಳ್ಳಿ.

ಹಂತ 6: ಡವ್‌ಟೇಲ್ ಕೊರೆದು ಕೂರಿಸುವುದು

ಈ ಕೆಲಸಕ್ಕೆ ಮೊದಲು ಆ ಜಾಗದ ಗೋಡೆ ಎಷ್ಟು ದಪ್ಪವೆಂದು ಲೆಕ್ಕ ಹಾಕಿ. ಇಂದಿನ ಕೋವಿಗಳ ಸೈಟಿಗೆ ಸುಮಾರು 0.090 ಇಂಚು ಆಳದ ಡವ್‌ಟೇಲ್ ಬೇಕು. ಸ್ವಾಂಪ್ಡ್ ನಳಿಗೆಯ ತೆಳು ನಡುವಿಗೆ ಅದು ವಿಪರೀತ, ಅಲ್ಲಿ 0.050ರಿಂದ 0.060 ದಾಟಬೇಡಿ, ಸೈಟಿನ ಪಾದವನ್ನೇ ತೆಳುಮಾಡಿ.

ಸೈಟಿನ ಪಾದದ ಮೇಲ್ಭಾಗದ ಅಗಲಕ್ಕಿಂತ ತುಸು ಕಿರಿದಾಗಿ ಗರಗಸದಲ್ಲಿ ಗೀರಿ, ಚಪ್ಪಟೆ ಅರದಲ್ಲಿ ತಳ ಮಟ್ಟಮಾಡಿ. ಆಮೇಲೆ ಒಂದು ಮೈ ನುಣುಪಿರುವ ತ್ರಿಕೋನ ಅರದಲ್ಲಿ ಓರೆ ಅಂಚು ತೆಗೆಯಿರಿ. ನುಣುಪು ಮೈ ತಳಕ್ಕೆ ತಾಗಿರುವುದರಿಂದ ಆಳ ಹೆಚ್ಚುವುದಿಲ್ಲ. ಮೂರೂ ಮೈಗೆ ಹಲ್ಲಿದ್ದರೆ ಅಂಚಿನ ಜೊತೆ ತಳವೂ ಹೋಗುತ್ತದೆ. ನಾಲ್ಕು ಸಲ ಉಜ್ಜಿ, ಒಮ್ಮೆ ಸೈಟ್ ಇಟ್ಟು ನೋಡಿ. ಬೆರಳಲ್ಲಿ ಒತ್ತಿದರೆ ಮೂರನೇ ಒಂದು ಭಾಗ ಒಳಸೇರಬೇಕು, ಉಳಿದದ್ದು ಹಿತ್ತಾಳೆಯ ಪಂಚಿನ ಹೊಡೆತಕ್ಕೆ. ಪೂರ್ತಿ ಬೆರಳಲ್ಲೇ ಹೋದರೆ ಆಗಲೇ ಸಡಿಲವಾಗಿದೆ.

ಮುಂದಿನ ಬ್ಲೇಡನ್ನು ಬೇಕೆಂದೇ ಎತ್ತರ ಬಿಡಿ, 0.25ರಿಂದ 0.30 ಇಂಚು. ಮೊದಲ ಗುಂಡುಗಳು ಕೆಳಗೆ ಬೀಳಬೇಕು. ಕೆಳಗೆ ಬೀಳುವುದು ಈಗ ದೋಷವಲ್ಲ.

ಹಂತ 7: ಅರ ಮುಟ್ಟದೆ ಲೋಡ್ ನಿಗದಿ

ಕಪ್ಪು ಮದ್ದು, ಇಲ್ಲವೇ ಅದಕ್ಕೆ ಪರ್ಯಾಯವೆಂದು ತಯಾರಕರು ಹೇಳಿದ ಮದ್ದು ಮಾತ್ರ. ಹೊಗೆರಹಿತ ಮದ್ದು ಚಿಟಿಕೆಯಷ್ಟು ಬೆರೆತರೂ ನಳಿಗೆ ಸಿಡಿಯಬಹುದು. ಮದ್ದು ತುಂಬಿದ ಕೊಂಬಿನಿಂದ ನೇರ ಸುರಿಯದೆ ಅಳತೆಯಲ್ಲಿ ತೆಗೆದು ಸುರಿಯಿರಿ. ಗುಂಡು ಮದ್ದಿನ ಮೇಲೆ ಕೂತಿದೆಯೇ ಎಂದು ರಾಮ್‌ರಾಡಿನ ಗುರುತಲ್ಲಿ ಪ್ರತಿ ಈಡಿಗೂ ನೋಡಿ. ಈಡು ಹಾರದಿದ್ದರೆ ಬಾಯಿ ಗುರಿಯತ್ತಲೇ ಇಟ್ಟು ಕನಿಷ್ಠ ಒಂದು ನಿಮಿಷ ಕಾಯಿರಿ.

.50 ನಳಿಗೆಗೆ .490 ಗುಂಡು, 0.015 ಇಂಚಿನ ಜಿಡ್ಡು ಹಚ್ಚಿದ ಹತ್ತಿ ಪ್ಯಾಚ್, 50 ಗ್ರೇನ್ ಮದ್ದು ಆರಂಭಕ್ಕೆ ಸಾಕು. ಆಸರೆಯ ಮೇಲಿಟ್ಟು 50 ಗಜದಲ್ಲಿ ಐದು ಈಡು. ಐದೈದು ಗ್ರೇನ್ ಏರಿಸುತ್ತ ಹೋಗಿ, ತಯಾರಕರು ಹೇಳಿದ ಗರಿಷ್ಠ ಮಿತಿ ದಾಟಬೇಡಿ. ನೋಡಬೇಕಾದ್ದು ಗುಂಡುಗಳು ಎಲ್ಲಿ ಬಿದ್ದವು ಎಂಬುದನ್ನಲ್ಲ, ಎಷ್ಟು ಒತ್ತಾಗಿ ಬಿದ್ದವು ಎಂಬುದನ್ನು. ಈಡುಗಳ ನಡುವೆ ನಳಿಗೆ ಒರೆಸುವುದಿದ್ದರೆ ಪ್ರತಿ ಸಲವೂ ಒರೆಸಿ, ಇಲ್ಲದಿದ್ದರೆ ಒಂದು ಸಲವೂ ಬೇಡ.

ಹಾರಿದ ಪ್ಯಾಚುಗಳು ಬಾಯಿಯಿಂದ ಕೆಲವು ಗಜ ಮುಂದೆ ಬಿದ್ದಿರುತ್ತವೆ. ರೇಂಜಿನಲ್ಲಿ ಎಲ್ಲರೂ ಹಾರಿಸುವುದನ್ನು ನಿಲ್ಲಿಸಿದಾಗ ಆಯ್ದು ತನ್ನಿ. ಒಳ್ಳೆಯ ಪ್ಯಾಚ್ ಹರಿದಿರುವುದಿಲ್ಲ, ನಡುವೆ ಕಪ್ಪು ವೃತ್ತ, ಅದರ ಸುತ್ತ ತೋಡುಗಳ ಗೆರೆ. ನಡು ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು ಅಥವಾ ಜಿಡ್ಡು ಸಾಲದು. ವೃತ್ತದ ಅಂಚಿನಲ್ಲಿ ಬ್ಲೇಡಿನಿಂದ ಗೀರಿದಂತೆ ಸೀಳಿದ್ದರೆ ನಳಿಗೆಯ ಬಾಯಂಚು ಚೂಪಾಗಿದೆ, ಹೊಸ ನಳಿಗೆಯಲ್ಲಿ ಇದು ಮಾಮೂಲು. ನಯವಾದ ಉಜ್ಜುಕಾಗದವನ್ನು ಹೆಬ್ಬೆರಳಲ್ಲಿ ಒತ್ತಿ ಬಾಯಿಯೊಳಗೆ ತಿರುಗಿಸಿ ತಿರುಗಿಸಿ ಅಂಚು ಮೊಂಡು ಮಾಡಿ. ಚಿಂದಿಯಾದ ಪ್ಯಾಚ್ ಬರುತ್ತಿರುವವರೆಗೆ ಸೈಟಿನ ಮಾತೇ ಎತ್ತಬೇಡಿ.

ಹಂತ 8: ಈಗ ಅರ

ಮೊದಲು ಎಡಬಲ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸಿ. ಮುಂದಿನದನ್ನು ಸರಿಸುವುದಾದರೆ ಗುಂಡು ಬಿದ್ದ ಕಡೆಗೆ. ಎಷ್ಟು ಎಂಬುದಕ್ಕೆ ಊಹೆ ಬೇಡ. ತಪ್ಪಿದ ಇಂಚನ್ನು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ, ಎಲ್ಲವೂ ಇಂಚಿನಲ್ಲಿ. 50 ಗಜ ಅಂದರೆ 1800 ಇಂಚು. ಸೈಟ್ ಅಂತರ 32 ಇಂಚಿದ್ದು ಗುಂಡು 2 ಇಂಚು ಬಲಕ್ಕೆ ಬಿದ್ದರೆ 2×32÷1800, ಅಂದರೆ ಸುಮಾರು 0.036 ಇಂಚು, ಹಿಂದಿನ ಸೈಟ್ ಅಷ್ಟು ಎಡಕ್ಕೆ. ಹೊಡೆಯುವ ಮೊದಲು ಸೈಟಿಗೂ ನಳಿಗೆಗೂ ಸೇರಿ ಪೆನ್ಸಿಲಲ್ಲಿ ಒಂದು ಗೆರೆ ಎಳೆದಿರಿ, ಎಷ್ಟು ಸರಿಯಿತೆಂದು ಅದೇ ಹೇಳುತ್ತದೆ.

ಎತ್ತರಕ್ಕೂ ಇದೇ ಲೆಕ್ಕ. 4.5 ಇಂಚು ಕೆಳಗೆ ಬೀಳುತ್ತಿದ್ದರೆ ಬ್ಲೇಡಿನಿಂದ ತೆಗೆಯಬೇಕಾದ್ದು 0.080 ಇಂಚು, ಎರಡು ಮಿಲಿಮೀಟರ್. ಅದರ ಅರ್ಧವನ್ನಷ್ಟೇ ತೆಗೆದು ಐದು ಈಡು ಹಾರಿಸಿ. ಉಳಿದುದರಲ್ಲಿ ಮತ್ತೆ ಅರ್ಧ, ಮತ್ತೆ ಐದು. ಅರವನ್ನು ನಳಿಗೆಗೆ ಅಡ್ಡವಾಗಿ, ಮಟ್ಟವಾಗಿ ಹಿಡಿದು ಒಂದೇ ದಿಕ್ಕಿಗೆ ಉಜ್ಜಿ. ಓರೆಯಾದ ನೆತ್ತಿ ಎಡಬಲದ ತಪ್ಪನ್ನು ಮತ್ತೆ ತರುತ್ತದೆ. ಗುರಿಹಾಳೆಯ ಮೇಲಿನ ಕೊನೆಯ ಅರ್ಧ ಇಂಚಿಗೆ ಅರ ಬಿಟ್ಟು ಉಜ್ಜುಕಾಗದ ಹಿಡಿಯಿರಿ, ಅದೂ ಇನ್ನೊಂದು ದಿನ, ಬೇರೆ ಬೆಳಕಿನಲ್ಲಿ ಹಾರಿಸಿ ನೋಡಿದ ಮೇಲೆ.

50 ಗಜಕ್ಕೆ ಸರಿಹೊಂದಿಸಿದ .50ರ ದುಂಡು ಗುಂಡು 100 ಗಜದಲ್ಲಿ ಲೋಡಿಗೆ ತಕ್ಕಂತೆ ಸುಮಾರು 4ರಿಂದ 6 ಇಂಚು ಕೆಳಗೆ ಬೀಳುತ್ತದೆ. ಅದನ್ನು ಸರಿಪಡಿಸಲು ಮತ್ತೆ ಉಜ್ಜಬೇಡಿ. ಅಷ್ಟು ಮೇಲಕ್ಕೆ ಗುರಿಯಿಟ್ಟರೆ ಆಯಿತು.